‘ಫರಾಗೋ’ ಪಕ್ಕದಲ್ಲಿದ್ದ ಪದಗಳು

(ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

2017ರ ಮೇ ತಿಂಗಳಲ್ಲಿ ಸಂಸದ ಶಶಿ ತರೂರ್ ಒಂದು ಟ್ವೀಟ್ ಹಾಕಿದರು. ಟೀವಿಯಲ್ಲಿ ತಮ್ಮ ವಿಷಯವಾಗಿ ಬಂದ ಕಾರ್ಯಕ್ರಮದ ಮೇಲೆ ಅವರಿಗೆ ಸಿಟ್ಟು ಬಂದಿತ್ತು. ‘ಎಕ್ಸಾಸ್ಪರೇಟಿಂಗ್ ಫರಾಗೋ ಆಫ್ ಡಿಸ್ಟಾರ್ಶನ್ಸ್, ಮಿಸ್‌ರೆಪ್ರೆಸೆಂಟೇಶನ್ಸ್ ಅಂಡ್ ಔಟ್‌ರೈಟ್ ಲೈಸ್’ ಎಂದು ಶುರುವಾಗುವ ಒಂದೇ ವಾಕ್ಯ. ಇಂಗ್ಲಿಷ್ ಬಲ್ಲವರೂ ನಿಘಂಟು ತೆಗೆದರು. ‘ಫರಾಗೋ’ ಎಂದರೆ ಕಲಸುಮೇಲೋಗರ. ಲ್ಯಾಟಿನ್ನಿನಲ್ಲಿ ದನಕ್ಕೆ ಹಾಕುವ ಬೆರಕೆ ಮೇವಿಗೆ ಆ ಹೆಸರಿತ್ತಂತೆ. ಸಿಟ್ಟಿನಲ್ಲೂ ಮನುಷ್ಯ ಒಳ್ಳೆಯ ಪದವನ್ನೇ ಆರಿಸಿದ್ದರು.

ಈಗ ನಿಮ್ಮನ್ನೇ ಕೇಳುತ್ತೇನೆ. ಆಮೇಲೆ ಆ ಪದವನ್ನು ಎಲ್ಲಾದರೂ ಓದಿದಿರಾ? ಉತ್ತರಪತ್ರಿಕೆಯಲ್ಲಿ ಬರೆದಿರಾ? ಬರೆದಿದ್ದರೆ ತಿದ್ದುವವರು ಹುಬ್ಬೇರಿಸಿರುತ್ತಾರೆಯೇ ಹೊರತು ಅಂಕ ಏರಿಸಿರುವುದಿಲ್ಲ. ಅದೇ ವಾಕ್ಯದಲ್ಲಿ, ಅದರ ಮಗ್ಗುಲಲ್ಲೇ ಕೂತಿದ್ದ ಪದಗಳನ್ನು ಮಾತ್ರ ಯಾರೂ ಹುಡುಕಲಿಲ್ಲ. ‘ಡಿಸ್ಟಾರ್ಶನ್’ ಎಂದರೆ ಇದ್ದದ್ದನ್ನು ತಿರುಚುವುದು. ‘ಮಿಸ್‌ರೆಪ್ರೆಸೆಂಟೇಶನ್’ ಎಂದರೆ ಒಂದನ್ನು ಇನ್ನೊಂದಾಗಿ ತೋರಿಸುವುದು. ‘ಔಟ್‌ರೈಟ್ ಲೈ’ ನಮ್ಮ ಹಸಿಸುಳ್ಳು. ಹಾಗೆಂದು ‘ಔಟ್‌ರೈಟ್’ ಅಂದರೆ ‘ಹಸಿ’ ಎಂದು ಬರೆದುಕೊಂಡರೆ ಕೆಟ್ಟಿರಿ. ‘ಔಟ್‌ರೈಟ್ ಬ್ಯಾನ್’ ಎಂದರೆ ಪೂರ್ಣ ನಿಷೇಧ. ‘ಔಟ್‌ರೈಟ್ ಮೆಜಾರಿಟಿ’ ಎಂದರೆ ಮತ ಎಣಿಕೆಯ ಮಾರನೆಯ ದಿನ ನಮ್ಮ ಪತ್ರಿಕೆಗಳು ಬರೆಯುವ ಸ್ಪಷ್ಟ ಬಹುಮತ. ‘ಹಸಿ ಬಹುಮತ’ ಎಂದು ಬರೆದವರುಂಟೇ?

ಮೇಲ್ಮಟ್ಟದ ಇಂಗ್ಲಿಷ್ ಎಂದರೆ ಯಾರಿಗೂ ಗೊತ್ತಿಲ್ಲದ ಪದಗಳನ್ನು ಕೂಡಿಹಾಕುವುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಲೆಕ್ಕದಲ್ಲಿ ಅದು ಅರ್ಧಂಬರ್ಧ ಗೊತ್ತಿರುವ ಪದಗಳನ್ನು ಪೂರ್ತಿ ಗೊತ್ತುಮಾಡಿಕೊಳ್ಳುವ ಕೆಲಸ. ಇವತ್ತು ಇದೊಂದನ್ನೇ ನಾಲ್ಕು ಕಡೆಯಿಂದ ಹೇಳುತ್ತೇನೆ.

ಅಮೆರಿಕದಲ್ಲಿ ಎಂ.ಎಸ್. ಓದಲು ಹೊರಟವರು ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದ ರೀತಿಯನ್ನು ನಿಮಗಿಂತ ಹಿರಿಯರಾದವರನ್ನು ಕೇಳಿ ನೋಡಿ. ಸಾವಿರಾರು ಪದಗಳ ಪಟ್ಟಿ. ಎ ಅಕ್ಷರದಿಂದ ಶುರು, ಉರು ಹೊಡೆಯುವುದು. ಬಹಳ ಮಂದಿಗೆ ಎ, ಬಿ, ಸಿ ಅಕ್ಷರದ ಪದಗಳು ಚೆನ್ನಾಗಿ ಗೊತ್ತಿರುತ್ತಿದ್ದವು, ಎಂ ದಾಟಿದರೆ ಕತ್ತಲೆ. ಆಗ ಪರೀಕ್ಷೆಯೂ ಹಾಗೇ ಇತ್ತು: ಒಂಟಿ ಪದ ಕೊಟ್ಟು ವಿರುದ್ಧಾರ್ಥ ಕೇಳುತ್ತಿದ್ದರು. 2011ರ ಆಗಸ್ಟಿನಲ್ಲಿ ಆ ಪ್ರಶ್ನೆಗಳನ್ನೇ ತೆಗೆದುಹಾಕಿದರು. ಈಗ ಇಡೀ ವಾಕ್ಯವನ್ನೋ ಖಂಡವನ್ನೋ ಕೊಟ್ಟು ಬಿಟ್ಟ ಸ್ಥಳ ತುಂಬಿಸಿ ಎನ್ನುತ್ತಾರೆ. ಪರೀಕ್ಷೆ ಬದಲಾಗಿ ಇಷ್ಟು ವರ್ಷವಾದರೂ ಉರು ಹೊಡೆಯುವ ಅಭ್ಯಾಸ ಮಾತ್ರ ಬದಲಾಗಿಲ್ಲ.

ಯಾವ ಪದಗಳನ್ನು ಕಲಿಯಬೇಕು ಎನ್ನುವ ಪ್ರಶ್ನೆಯನ್ನು ನೂರು ವರ್ಷದ ಹಿಂದೆ ಗಂಭೀರವಾಗಿ ಎತ್ತಿದವರೊಬ್ಬರು ನಮ್ಮ ಉಪಖಂಡದಲ್ಲೇ ಕೆಲಸ ಮಾಡುತ್ತಿದ್ದರು. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷರವ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನೋಡಿಕೊಳ್ಳುತ್ತಿದ್ದ. ಬಂಗಾಳದ ಮಕ್ಕಳ ಇಂಗ್ಲಿಷ್ ಪಠ್ಯಗಳನ್ನು ನೋಡಿದರೆ ತುಂಬ ಹಳೆಯ ಕಾವ್ಯದ ಪದಗಳು. ದಿನಬಳಕೆಯ ಪದಗಳಿಗೆ ಬರ. ಮಕ್ಕಳಲ್ಲಿ ಎಷ್ಟೋ ಜನ ನಡುವೆಯೇ ಶಾಲೆ ಬಿಡುತ್ತಿದ್ದರು. ಬಿಟ್ಟ ದಿನ ಅವರ ಕೈಯಲ್ಲಿ ಏನು ಉಳಿಯುತ್ತದೆ ಎಂದು ಆತ ಕೇಳಿದ. ಅದಕ್ಕೆ ವಿಮೆಯವರ ಮಾತನ್ನೇ ಎತ್ತಿಕೊಂಡ: ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿಯನ್ನು ಅವಧಿಗೆ ಮುಂಚೆ ನಿಲ್ಲಿಸಿದರೆ ಕೈಗೆ ಬರುವ ಹಣ ಇದೆಯಲ್ಲ, ಅದೇ. ಯಾವ ಹಂತದಲ್ಲಿ ಕಲಿಕೆ ನಿಂತರೂ ಕಲಿತಷ್ಟಕ್ಕೆ ಬೆಲೆ ಇರಬೇಕು. ಈ ದಾರಿಯಲ್ಲೇ ನಡೆದು 1953ರಲ್ಲಿ ಆತ ಸುಮಾರು 2000 ಮೂಲಪದಗಳ ಪಟ್ಟಿ ಹೊರತಂದ. ಈ ಪಟ್ಟಿ ನಿಮಗೆ ಬಹುಮಟ್ಟಿಗೆ ಗೊತ್ತು. ಪದವಿವರೆಗೆ ಬಂದವರಿಗೆ ಅದು ಗೊತ್ತಿಲ್ಲದೇ ಇರುವುದಿಲ್ಲ.

ನಿಮ್ಮ ತೊಂದರೆ ಶುರುವಾಗುವುದು ಅದರ ಮೇಲಿನ ಮೆಟ್ಟಿಲಲ್ಲಿ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ ಕಾನೂನು, ವಾಣಿಜ್ಯ, ವಿಜ್ಞಾನ, ಕಲಾ ವಿಭಾಗಗಳ ಬರಹಗಳನ್ನು ಸೇರಿಸಿ, ಸುಮಾರು 35 ಲಕ್ಷ ಪದಗಳನ್ನು ಎಣಿಸಿ ನೋಡಿದರು. ವೆಸ್ಟ್ ಪಟ್ಟಿಯ 2000 ಪದಗಳು ಈ ಬರಹಗಳ ಮುಕ್ಕಾಲು ಪಾಲನ್ನು ಆವರಿಸಿದ್ದವು. ಅವನ್ನು ಬಿಟ್ಟು, ಎಲ್ಲ ವಿಷಯಗಳಲ್ಲೂ ಪದೇಪದೇ ಬರುವ ಪದಗಳು ಯಾವುವು ಎಂದು ಸೋಸಿ ನೋಡಿದರೆ ಸಿಕ್ಕಿದ್ದು ಬರೀ 570 ಪದಕುಟುಂಬಗಳು. ಪಟ್ಟಿ ಪ್ರಕಟವಾದದ್ದು 2000ದಲ್ಲಿ. ಪದಕುಟುಂಬ ಎಂದರೆ ‘ಕಾನ್‌ಸ್ಟಿಟ್ಯೂಟ್’ ಮನೆಯಲ್ಲಿ ‘ಕಾನ್‌ಸ್ಟಿಟ್ಯೂಶನ್’, ‘ಕಾನ್‌ಸ್ಟಿಟ್ಯುಯೆನ್ಸಿ’, ‘ಅನ್‌ಕಾನ್‌ಸ್ಟಿಟ್ಯೂಶನಲ್’ ಎಲ್ಲ ಒಟ್ಟಿಗಿರುವುದು. ಈ 570 ಕುಟುಂಬಗಳು ಶೈಕ್ಷಣಿಕ ಬರಹದ ಶೇ 10ರಷ್ಟನ್ನು ಆವರಿಸುತ್ತವೆ. ಪ್ರತಿ ಹತ್ತು ಪದಕ್ಕೆ ಒಂದು! ಕಥೆ ಕಾದಂಬರಿಗಳಲ್ಲಿ ಇವೇ ಪದಗಳ ಪಾಲು ಶೇ 1.5ಕ್ಕಿಂತ ಕಡಿಮೆ.

ಈ ಕೊನೆಯ ಅಂಕಿಯನ್ನು ಸ್ವಲ್ಪ ಗಮನಿಸಿ. ‘ಇಂಗ್ಲಿಷ್ ಸುಧಾರಿಸಬೇಕೇ, ಕಾದಂಬರಿ ಓದು’ ಎಂದು ನಮಗೆಲ್ಲ ಹೇಳಿದ್ದಾರೆ. ಕಾದಂಬರಿ ಓದಿ, ಬೇಡ ಎನ್ನುವವನು ನಾನಲ್ಲ. ಆದರೆ ಆಡಳಿತದ ಬಗ್ಗೆ, ಅರ್ಥವ್ಯವಸ್ಥೆಯ ಬಗ್ಗೆ ಬರೆಯಬೇಕಾದವರಿಗೆ ಬೇಕಾದ ಪದಗಳು ಅಲ್ಲಿ ಅಪರೂಪ. ಅವು ಸಂಪಾದಕೀಯಗಳಲ್ಲಿ, ಸಮಿತಿ ವರದಿಗಳಲ್ಲಿ, ತೀರ್ಪುಗಳಲ್ಲಿ, ಬಜೆಟ್ ಭಾಷಣದಲ್ಲಿ ಸಿಗುತ್ತವೆ.

ಇದರಿಂದ ಲಾಭವೇನು ಎಂದರೆ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಯನ್ನು ತೆಗೆದುಕೊಳ್ಳಿ. 300 ಅಂಕ, ಶೇ 25 ಬಂದರೆ ಪಾಸು. ಅದರಲ್ಲಿ ಪ್ರೆಸಿ, ಅಂದರೆ ಸಂಕ್ಷೇಪ ಲೇಖನ ಇದೆ. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದರಿಂದ ಜನ ಮನೆ, ಜಮೀನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು ಎಂಬುದನ್ನು ಸಣ್ಣ ಪದಗಳಲ್ಲಿ ಬರೆದರೆ ಎರಡು ಸಾಲು ಬೇಕು. ‘ಡಿಸ್‌ಪ್ಲೇಸ್ಡ್’ ಎಂದರೆ ಮುಗಿಯಿತು. ಹಳೆ ಬಾಗಲಕೋಟೆಯವರಿಗೆ ಈ ಪದದ ಅರ್ಥ ನಿಘಂಟು ಹೇಳಿಕೊಡಬೇಕಾಗಿಲ್ಲ. ಈ ಪದಕ್ಕೆ ಕಾಕ್ಸ್‌ಹೆಡ್ ಪಟ್ಟಿಯಲ್ಲಿ ಜಾಗ ಇದೆ, ‘ಫರಾಗೋ’ಗೆ ಇಲ್ಲ.

ಈಗ ಒಂದೇ ಒಂದು ಪದವನ್ನು ಬಿಚ್ಚಿ ನೋಡೋಣ. ‘ಸಸ್ಟೇನ್’. ಗೊತ್ತು ಎಂದು ಎಲ್ಲರೂ ಕೈ ಎತ್ತಿದಿರಿ. ಸರಿ. ಇಂಗ್ಲಿಷ್-ಕನ್ನಡ ನಿಘಂಟು ತೆರೆದರೆ ಪೋಷಿಸು, ತಾಳಿಕೊ, ಎತ್ತಿಹಿಡಿ, ಅನುಭವಿಸು, ಮುಂದುವರಿಸು ಹೀಗೆ ಸಾಲಾಗಿ ಬರುತ್ತವೆ. ನಮ್ಮ ಹುಡುಗರು ಮೊದಲನೆಯದನ್ನು ಹಿಡಿದುಕೊಳ್ಳುತ್ತಾರೆ. ತಂದೆತಾಯಿಯನ್ನು ಸಾಕಿದ ಎನ್ನಲು ‘ಹಿ ಸಸ್ಟೇನ್ಡ್ ಹಿಸ್ ಪೇರೆಂಟ್ಸ್’ ಎಂದು ಬರೆಯುತ್ತಾರೆ. ವ್ಯಾಕರಣ ತಪ್ಪಿಲ್ಲ, ಆದರೆ ಹಾಗೆ ಯಾರೂ ಬರೆಯುವುದಿಲ್ಲ. ಅಲ್ಲಿಗೆ ‘ಸಪೋರ್ಟೆಡ್’ ಸಾಕು.

ಅದೇ ಪದ ಪತ್ರಿಕೆಯಲ್ಲಿ ಎಲ್ಲಿ ಕಾಣುತ್ತದೆ? ಅಪಘಾತದ ಸುದ್ದಿಯಲ್ಲಿ: ‘ಸಸ್ಟೇನ್ಡ್ ಸೀರಿಯಸ್ ಇಂಜುರೀಸ್’. ತೀವ್ರವಾಗಿ ಗಾಯಗೊಂಡರು. ಗಾಯ ಮಾಡಿದವನಲ್ಲ, ಗಾಯ ಆದವನು ಈ ವಾಕ್ಯದ ಕರ್ತೃ ಎಂಬುದನ್ನು ಮರೆಯಬೇಡಿ. ಇನ್ನೊಂದು ಕೋರ್ಟಿನಲ್ಲಿ: ‘ಅಬ್ಜೆಕ್ಷನ್ ಸಸ್ಟೇನ್ಡ್’. ವಕೀಲರ ಆಕ್ಷೇಪವನ್ನು ನ್ಯಾಯಾಧೀಶರು ಎತ್ತಿಹಿಡಿದರು. ಮತ್ತೊಂದು ಅರ್ಥಶಾಸ್ತ್ರದಲ್ಲಿ: ‘ಸಸ್ಟೇನ್ಡ್ ಗ್ರೋತ್’, ಒಂದು ವರ್ಷ ಏರಿ ಮರುವರ್ಷ ಬೀಳದೆ ನಿಂತ ಬೆಳವಣಿಗೆ. ಇನ್ನು ‘ಸಸ್ಟೇನಬಲ್ ಡೆವಲಪ್‌ಮೆಂಟ್’ ನಿಮ್ಮೆಲ್ಲರಿಗೂ ಬಾಯಿಪಾಠ: ಸುಸ್ಥಿರ ಅಭಿವೃದ್ಧಿ, ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಗುರಿಗಳು. ಇಷ್ಟಕ್ಕೂ ಒಳಗಿರುವ ಭಾವ ಒಂದೇ. ಲ್ಯಾಟಿನ್ ಮೂಲದಲ್ಲಿ ‘ಕೆಳಗಿನಿಂದ ಹಿಡಿದುಕೊ’ ಎಂದು. ಬೀಳದಂತೆ ಹಿಡಿದರೆ ಬೆಳವಣಿಗೆ ಉಳಿಯುತ್ತದೆ, ಆಕ್ಷೇಪ ನಿಲ್ಲುತ್ತದೆ. ಭಾರ ತಮ್ಮ ಮೇಲೇ ಬಿದ್ದರೆ ತಾಳಿಕೊಳ್ಳಬೇಕಾಗುತ್ತದೆ, ಅದು ಗಾಯ. ಹೀಗೆ ಒಂದು ಪದವನ್ನು ಒಂದು ಸಂಜೆ ಬಿಚ್ಚಿದವರು, ಅದೇ ಸಂಜೆ ಮೂವತ್ತು ಪದ ಉರು ಹೊಡೆದವರಿಗಿಂತ ಮುಂದೆ ಇರುತ್ತಾರೆ. ಇದನ್ನು ತರಗತಿಯಲ್ಲಿ ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ.

ಪದಗಳ ಒಡನಾಟ ನಿಮಗೆ ಹೊಸದೇನಲ್ಲ. ಕನ್ನಡದಲ್ಲಿ ಇದನ್ನು ಯಾರೂ ಹೇಳಿಕೊಡದೆ ಕಲಿತಿದ್ದೀರಿ. ಹರಕೆಯನ್ನು ಹೊರುತ್ತೇವೆ, ಆಮೇಲೆ ತೀರಿಸುತ್ತೇವೆ. ಸಾಲವನ್ನು ಮಾಡುತ್ತೇವೆ, ಅದನ್ನೂ ತೀರಿಸುತ್ತೇವೆ. ಪಣ ತೊಡುತ್ತೇವೆ. ಪಣವೇನು ಅಂಗಿಯೇ ತೊಡಲಿಕ್ಕೆ? ಮುಹೂರ್ತ ಇಡಿಸುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಕನ್ನಡ ಕಲಿಯುವ ಹೊರಗಿನವರು ‘ಹರಕೆ ಮಾಡಿದೆ’ ಎಂದರೆ ನಮಗೆ ಅರ್ಥವಾಗುತ್ತದೆ, ಆದರೂ ಇವರು ಹೊರಗಿನವರು ಎಂದು ತಕ್ಷಣ ತಿಳಿಯುತ್ತದೆ. ನಾವು ಇಂಗ್ಲಿಷಿನಲ್ಲಿ ‘ಡೂ ಎ ಮಿಸ್ಟೇಕ್’ ಎಂದಾಗ ಆಗುವುದೂ ಅದೇ. ಅಲ್ಲಿ ‘ಮೇಕ್’ ಆಗಬೇಕು. ಅಪರಾಧಕ್ಕೆ ‘ಕಮಿಟ್’, ತೆರಿಗೆಗೆ ‘ಲೆವಿ’, ನಿಷೇಧಕ್ಕೆ ‘ಇಂಪೋಸ್’, ನಿಷೇಧ ತೆಗೆಯುವುದಕ್ಕೆ ‘ಲಿಫ್ಟ್’. ನಾಮಪದ ಕಲಿಯುವಾಗ ಅದರ ಕ್ರಿಯಾಪದವನ್ನೂ ಜೊತೆಗೇ ಕಲಿಯಿರಿ.

ಇನ್ನೊಂದು ವಿಚಾರದಲ್ಲಿ ಕನ್ನಡಿಗರಿಗೆ ನಿಜವಾದ ಅನುಕೂಲ ಇದೆ, ಅದನ್ನು ಯಾಕೋ ಬಳಸಿಕೊಳ್ಳುವುದಿಲ್ಲ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಸ್ಥಾನ, ಕೋರ್ಟು ಎಲ್ಲ ಫ್ರೆಂಚಿಗೆ ತಿರುಗಿದವು; ಚರ್ಚು ಮತ್ತು ವಿದ್ವತ್ತು ಲ್ಯಾಟಿನ್ನಿನಲ್ಲಿದ್ದವು. ಹೊಲದಲ್ಲಿ ದುಡಿಯುವವರು ಹಳೆಯ ಇಂಗ್ಲಿಷನ್ನೇ ಆಡುತ್ತಿದ್ದರು. ಹಾಗಾಗಿ ಇವತ್ತಿಗೂ ಅಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ಅಂತಸ್ತಿನ ಪದಗಳಿವೆ. ‘ಆಸ್ಕ್’ ಮನೆಯದು, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ಕೇಳು, ಪ್ರಶ್ನಿಸು, ವಿಚಾರಣೆ ನಡೆಸು. ನಮಗೂ ಹೀಗೇ ಅಲ್ಲವೇ? ಅಚ್ಚಗನ್ನಡದ ಮೇಲೆ ಸಂಸ್ಕೃತದ ಪದರ. ಹಾಲಿನ ಬೂತಿಗೆ ಹೋಗಿ ‘ಅರ್ಧ ಲೀಟರ್ ಕ್ಷೀರ ಕೊಡಿ’ ಎಂದರೆ ಬೂತಿನವನು ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾನೆ. ಹಾಲ್ಗಡಲು ಎನ್ನುತ್ತೇವೆ, ಕ್ಷೀರಸಾಗರ ಎನ್ನುತ್ತೇವೆ, ‘ಹಾಲುಸಾಗರ’ ಎಂದರೆ ಕಿವಿ ಒಪ್ಪುವುದಿಲ್ಲ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಅರಿಸಮಾಸ ಎಂಬ ಹೆಸರೇ ಇದೆ. ಈ ಕಿವಿ ಇರುವವರಿಗೆ ‘ಡಿನ್ನರ್ ಕಮೆನ್ಸ್ ಮಾಡೋಣ’ ಎಂದು ಗೆಳೆಯನಿಗೆ ಹೇಳುವುದು ಯಾಕೆ ನಗೆಪಾಟಲು ಎಂದು ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಪದ ಎದುರಾದಾಗ ಅರ್ಥದ ಜೊತೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ಹಾಲೋ, ಕ್ಷೀರವೋ?

ಇಲ್ಲಿ ಒಂದು ತಮಾಷೆ ಇದೆ. ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು. ಹಾಗಾಗಿ ನಮಗೆ ಕ್ಷೀರವೇ ಮೊದಲು ಗೊತ್ತು. ‘ಪೋಸ್ಟ್‌ಪೋನ್’ ಗೊತ್ತು, ‘ಪುಟ್ ಆಫ್’ ಬಾಯಿಗೆ ಬರುವುದಿಲ್ಲ. ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಎಂದರೆ ಗಲಿಬಿಲಿ. ‘ಗೆಟ್ ಅವೇ ವಿತ್’ ಅಂದರೆ ತಪ್ಪು ಮಾಡಿಯೂ ಶಿಕ್ಷೆಯಾಗದೆ ನುಣುಚಿಕೊಳ್ಳುವುದು. ಇದಕ್ಕೆ ಇಂಗ್ಲಿಷಿನಲ್ಲಿ ಒಂಟಿ ಪದ ಹುಡುಕಿ ನೋಡಿ, ಸುಲಭಕ್ಕೆ ಸಿಗುವುದಿಲ್ಲ. ‘ಪುಟ್’, ‘ಗೆಟ್’, ‘ಟೇಕ್’ ಪ್ರಾಥಮಿಕ ಶಾಲೆಯ ಪದಗಳು ಎಂದು ಕಡೆಗಣಿಸಿರುತ್ತೇವೆ. ಮುಂದುವರಿದ ಕಲಿಕೆ ನಮ್ಮ ಮಟ್ಟಿಗೆ ಎಷ್ಟೋ ಸಲ ಕೆಳಗಿಳಿಯುವ ಕೆಲಸ. ಕನ್ನಡದ ‘ಬಿಡು’ ಕೂಡ ಹೊರಗಿನವರಿಗೆ ಇಷ್ಟೇ ಕಷ್ಟ: ಹೋದ, ಹೋಗಿಬಿಟ್ಟ, ಹೋಗಿಯೇಬಿಟ್ಟ.

ಹಾಂ, ‘ಪಾಸ್ ಔಟ್’ ವಿಷಯ ಹೇಳಿಬಿಡುತ್ತೇನೆ. ‘ಐ ಪಾಸ್ಡ್ ಔಟ್ ಲಾಸ್ಟ್ ಇಯರ್’ ಎಂದು ಇಂಗ್ಲೆಂಡಿನವರಿಗೆ ಹೇಳಿದರೆ, ಪಾಪ ಹೋದ ವರ್ಷ ಪ್ರಜ್ಞೆ ತಪ್ಪಿ ಬಿದ್ದಿದ್ದರು ಎಂದು ತಿಳಿದಾರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮ ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಸೇರಿದೆ. ಯಾರಿಗೆ ಬರೆಯುತ್ತಿದ್ದೇವೆ ಎಂಬುದು ಗೊತ್ತಿದ್ದರೆ ಸಾಕು.

ಮೂಲಧಾತುಗಳನ್ನು ಕಲಿತರೆ ಎಲ್ಲ ಪದಗಳೂ ಬಂದುಬಿಡುತ್ತವೆ ಎಂದು ಹೇಳುವ ಕೋಚಿಂಗ್ ಜಾಹೀರಾತುಗಳಿವೆ. ‘ಸ್ಪೆಕ್ಟ್’ ಎಂದರೆ ನೋಡು, ಆದ್ದರಿಂದ ‘ಇನ್‌ಸ್ಪೆಕ್ಟ್’, ‘ರೆಟ್ರೋಸ್ಪೆಕ್ಟ್’. ಕಲಿತ ಪದ ನೆನಪಿನಲ್ಲಿಡಲು ಒಳ್ಳೆಯದು. ಗೊತ್ತಿಲ್ಲದ ಪದದ ಅರ್ಥ ಊಹಿಸಲು ನೆಚ್ಚಬೇಡಿ. ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತಾರೆ. ‘ಇನ್’ ಇದೆ, ಆದ್ದರಿಂದ ಹತ್ತಿಕೊಳ್ಳುವುದಿಲ್ಲ ಎಂದು ಬೀಡಿ ಹಚ್ಚಿದರೆ ಮುಗಿಯಿತು ಕಥೆ.

ಹಾಗಾದರೆ ಓದುವುದು ಹೇಗೆ? ಒಂದು ಬರಹವನ್ನು ಯಾರ ಸಹಾಯವೂ ಇಲ್ಲದೆ ಆರಾಮವಾಗಿ ಓದಲು ಅದರ ಶೇ 98 ಪದಗಳು ಗೊತ್ತಿರಬೇಕು ಎಂದು ಪಾಲ್ ನೇಶನ್ ಎಂಬ ವಿದ್ವಾಂಸರು ಇಟ್ಟುಕೊಂಡ ಅಳತೆ. ಐವತ್ತು ಪದಕ್ಕೆ ಒಂದು ಹೊಸದು. ಅದಕ್ಕೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕಾಗುತ್ತವೆ ಎಂದು 2006ರಲ್ಲಿ ಅವರು ಲೆಕ್ಕ ಕೊಟ್ಟರು. ನಿಮ್ಮಲ್ಲಿ ಅಷ್ಟಿಲ್ಲ. ಇಂಗ್ಲಿಷ್ ಸಂಪಾದಕೀಯ ಹಿಡಿದರೆ ಪ್ರತಿ ಸಾಲಿಗೊಂದು ತಡೆ. ಎರಡನೇ ಪ್ಯಾರಾಕ್ಕೆ ಪೇಪರು ಮಡಿಸಿ ಇಡುತ್ತೀರಿ.

ದಾರಿ ಇದೆ. ಕಥೆ ಮೊದಲೇ ಗೊತ್ತಿರುವ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ಕಾವೇರಿಯನ್ನೇ ತೆಗೆದುಕೊಳ್ಳಿ. ಮಂಡ್ಯ, ಮೈಸೂರು ಕಡೆಯವರಂತೂ ಈ ವಿವಾದವನ್ನು ಮೈಮೇಲೆ ಹೊತ್ತೇ ಬೆಳೆದವರು. 1990ರಲ್ಲಿ ನ್ಯಾಯಮಂಡಳಿ ರಚನೆಯಾದದ್ದು, 1991ರ ಮಧ್ಯಂತರ ಆದೇಶ, 2007ರ ಐತೀರ್ಪು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚಿಸಿ 284.75ಕ್ಕೆ ತಂದದ್ದು, ಇದೆಲ್ಲ ಕನ್ನಡದಲ್ಲಿ ಗೊತ್ತು. ಈಗ ಇಂಗ್ಲಿಷ್ ವರದಿ ತೆರೆಯಿರಿ. ‘ಇಂಟೆರಿಮ್ ಆರ್ಡರ್’ ಎಂದರೇನು ಎಂದು ಯಾರನ್ನೂ ಕೇಳಬೇಕಾಗಿಲ್ಲ, ಅದು ಮಧ್ಯಂತರ ಆದೇಶ. ‘ಟ್ರಿಬ್ಯೂನಲ್ ಅವಾರ್ಡ್’ ಕಂಡಾಗ ಪ್ರಶಸ್ತಿ ಎಂದು ಭ್ರಮೆಪಡುವುದಿಲ್ಲ, ಐತೀರ್ಪು ತಾನೇ. ‘ಅಲೋಕೇಟ್’ ಹಂಚಿಕೆ, ‘ಇನ್‌ಫ್ಲೋ’ ಒಳಹರಿವು, ‘ಡೆಫಿಸಿಟ್’ ಕೊರತೆ, ‘ಕಂಪ್ಲೈ ವಿತ್’ ಆದೇಶ ಪಾಲಿಸು, ‘ಅಪ್ಪರ್ ರಿಪೇರಿಯನ್ ಸ್ಟೇಟ್’ ಮೇಲ್ಭಾಗದ ನದಿಪಾತ್ರದ ರಾಜ್ಯ, ಅಂದರೆ ನಾವೇ. ‘ಡಿಸ್ಟ್ರೆಸ್ ಫಾರ್ಮುಲಾ’ ಎಂಬುದು ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಪತ್ರಿಕೆಗಳು ದಿನಾ ಬರೆಯುವ ಸಂಕಷ್ಟ ಸೂತ್ರ. ಒಂದೇ ವಿಷಯದ ಮೇಲೆ ಬೇರೆ ಬೇರೆ ದಿನಗಳ ವರದಿಗಳನ್ನು ಒಟ್ಟಿಗೆ ಓದಿದರೆ ಇವೇ ಪದಗಳು ಮತ್ತೆ ಮತ್ತೆ ಸಿಗುತ್ತವೆ. ಪದ ಮನಸ್ಸಿನಲ್ಲಿ ಕೂರುವುದು ಹಾಗೆ. ಒಂದು ದಿನ ಕ್ರಿಕೆಟ್, ಒಂದು ದಿನ ಉಕ್ರೇನ್, ಒಂದು ದಿನ ಷೇರುಪೇಟೆ ಎಂದು ಹಾರುತ್ತಿದ್ದರೆ ಯಾವ ಪದವೂ ಎರಡನೇ ಸಲ ಎದುರಾಗುವುದಿಲ್ಲ.

ಮರೆವಿನ ಬಗ್ಗೆ ಸ್ವಲ್ಪ. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಎಂದು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ಭಾರೀ ವೇಗ, ಆಮೇಲೆ ನಿಧಾನ. ಆದ್ದರಿಂದ ಕಲಿತ ಮಾರನೆಯ ದಿನ ಒಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ನೋಡಬೇಕು. ಇದನ್ನು ಮಾಡಿಕೊಡುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ನನಗೆ ಕಾರ್ಡೇ ಇಷ್ಟ. ಮದುವೆ ಸೀಸನ್ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಲಗ್ನಪತ್ರಿಕೆಗಳ ಕಟ್ಟು ಇರುತ್ತದೆ. ಒಳ್ಳೆ ದಪ್ಪ ಕಾಗದ, ಹಿಂಬದಿ ಖಾಲಿ. ನಾಲ್ಕಾಗಿ ಕತ್ತರಿಸಿ.

ಕಾರ್ಡಿನ ಮೇಲೆ ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಬರೆಯಬೇಡಿ. ನೀವು ಓದಿದ ವಾಕ್ಯವನ್ನೇ ಬರೆದು ಪದದ ಜಾಗ ಖಾಲಿ ಬಿಡಿ. ‘ಇಬ್ಬರು ಸವಾರರು ತಲೆಗೆ ಗಾಯ ಡ್ಯಾಶ್’ ಎನ್ನುವ ಇಂಗ್ಲಿಷ್ ವಾಕ್ಯ. ತಿರುಗಿಸಿದರೆ ‘ಸಸ್ಟೇನ್ಡ್’. ಅರ್ಥ ತಿಳಿಯಲು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ನೋಡಿ. ಲಾಂಗ್‌ಮನ್‌ನವರು 1978ರಲ್ಲಿ ತಂದ ನಿಘಂಟಿನಲ್ಲಿ ಎಲ್ಲ ಅರ್ಥಗಳನ್ನೂ ಸುಮಾರು 2000 ಸುಲಭ ಪದಗಳೊಳಗೇ ಬರೆದರು. ಆ 2000ಕ್ಕೆ ಆಧಾರ ಢಾಕಾದ ನಮ್ಮ ವೆಸ್ಟ್ ಪಟ್ಟಿಯೇ.

ಕೊನೆಗೆ ಉಚ್ಚಾರ, ಯಾಕೆಂದರೆ ಓದಿ ಕಲಿತವರು ಸಂದರ್ಶನದಲ್ಲಿ ಸಿಕ್ಕಿಬೀಳುವುದು ಅಲ್ಲೇ. ದೋಷಾರೋಪಣೆಯ ಪದವನ್ನು ‘ಇಂಡೈಟ್’ ಎನ್ನಬೇಕು. ನಡುವೆ ಸಿ ಅಕ್ಷರ ಇದೆ, ಬಾಯಲ್ಲಿ ಬರಬಾರದು. ಸೂಕ್ಷ್ಮ ಎನ್ನುವ ಅರ್ಥದ ‘ಸಟಲ್’ನಲ್ಲಿ ಬಿ ಮೌನ. ಸಾಕಾರರೂಪ ಎನ್ನುವ ಅರ್ಥದ ‘ಎಪಿಟಮಿ’ಯನ್ನು ಎ-ಪಿ-ಟ-ಮಿ ಎಂದು ನಾಲ್ಕು ಭಾಗವಾಗಿ ಹೇಳಬೇಕು, ‘ಎಪಿಟೋಮ್’ ಅಲ್ಲ. ಇದಕ್ಕಿಂತ ಕಷ್ಟ ಒತ್ತಿನದು, ಏಕೆಂದರೆ ಕನ್ನಡದಲ್ಲಿ ಪದದ ಯಾವುದೋ ಒಂದು ಭಾಗವನ್ನು ಒತ್ತಿ ಹೇಳಿದರೆ ಅರ್ಥವೇನೂ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ರೆಕಾರ್ಡ್’ ದಾಖಲೆಯಾದರೆ ಒತ್ತು ಮೊದಲ ಭಾಗಕ್ಕೆ, ದಾಖಲಿಸುವ ಕ್ರಿಯೆಯಾದರೆ ಎರಡನೆಯದಕ್ಕೆ. ‘ಡೆವಲಪ್’ನಲ್ಲಿ ಒತ್ತು ನಡುವಿಗೆ, ನಾವು ಮೊದಲಕ್ಷರಕ್ಕೇ ಹಾಕುತ್ತೇವೆ. ನಿಘಂಟಿನ ಆ್ಯಪ್‌ನಲ್ಲಿ ಪದದ ಪಕ್ಕ ಸ್ಪೀಕರ್ ಗುರುತು ಇರುತ್ತದೆ. ಅದನ್ನು ಒತ್ತಿ ಕೇಳಿ, ಗಟ್ಟಿಯಾಗಿ ಹೇಳಿ, ಕಾರ್ಡಿನ ಮೂಲೆಯಲ್ಲಿ ಕನ್ನಡದಲ್ಲೇ ಉಚ್ಚಾರ ಬರೆದು ಒತ್ತು ಬೀಳುವ ಭಾಗದ ಕೆಳಗೆ ಗೆರೆ ಎಳೆಯಿರಿ.